ಬಾಗಿಲ ತಿರುವಿನಲ್ಲಿ ಹಾರ್ನ್

ರೀ,

ಪರೀಕ್ಷೆಗೆ ಹಾಸನದ ಮೊದಲ ಬಸ್ಸಿಗೆ ಹೊರಟೆ. ನಿಮ್ಮನ್ನು ಎಬ್ಬಿಸೋಕೆ ಮನಸ್ಸಾಗಲಿಲ್ಲ. ಇಂಚರಳಿಗೆ ಹಾಲು ಕೊಟ್ಟು ನಿಮ್ಮ ಪಕ್ಕ ಮಲಗಿಸಿದ್ದೀನಿ.

ಎದ್ದ ಮೇಲೆ ರಾಗಿ ಸರಿ ತಿನ್ನಿಸಿ. ಗಂಟಾದರೆ ಮತ್ತೆ ಕಾಯಿಸಿ, ಹೋದ ಸಲದ ಹಾಗೆ ಅದನ್ನು ನೀವೇ ತಿಂದು ಮುಗಿಸಬೇಡಿ. ಅವಳ ಬಟ್ಟೆ ಜೀಪಿನ ಬಾನೆಟ್ ಮೇಲೆ ಒಣಗಿಸಬೇಡಿ, ಡೀಸೆಲ್ ವಾಸನೆ ಹೊಡೆಯುತ್ತೆ.

"ಅಳಿಯಂದ್ರು ಒಬ್ರೇ ಹೆಂಗ್ ನೋಡ್ಕತ್ತಾರೆ, ನಾನ್ ಬತ್ತೀನಿ ಕಣೆ" ಅಂದಳು ಅಮ್ಮ. ಬೇಡ ಅಂದೆ. ಮಂಜು ಕವಿದಾಗಲೂ ವನಗೂರಿನ ಇಳಿಜಾರಲ್ಲಿ ಆರಾಮಾಗಿ ಜೀಪ್ ಓಡಿಸೋ ನೀವು, ಮಗು ಎತ್ತಿಕೊಂಡರೆ ಮನೆಯ ಪ್ರತಿ ಬಾಗಿಲಲ್ಲೂ ನಿಂತು ಮೆಲ್ಲಗೆ "ಪೀಂ" ಅಂತ ಹಾರ್ನ್ ಹಾಕುತ್ತೀರಿ. ಎದುರಿಂದ ಬಂದವರು ಅವಳಿಗೆ ತಾಗಬಾರದಂತೆ. ಈ ಮನೇಲಿ ಎದುರು ಬರೋಕೆ ನಾನೊಬ್ಬಳೇ ಇರೋದು. ಎಷ್ಟು ಸಲ ರೇಗಿದ್ದೀನೋ. ಮಗು ಆದರೆ ನಿದ್ದೆ ಇರಲ್ಲ, ಹೊತ್ತಿಗೆ ಊಟ ಇರಲ್ಲ ಅಂತ ಎಲ್ಲರೂ ಹೇಳಿದ್ದರು. ಕಟ್ಟಿಕೊಂಡವನನ್ನೇ ಹೊಸದಾಗಿ ನೋಡೋ ಹಾಗಾಗುತ್ತೆ ಅಂತ ಒಬ್ಬರೂ ಹೇಳಿರಲಿಲ್ಲ.

ಇನ್ನೊಂದು ಮಾತು. ಈಗ ಬೆಳಗ್ಗೆ, ಹಾಲು ಕೊಡೋಕೆ ಮೊದಲು, ಅವಳನ್ನೆತ್ತಿಕೊಂಡು ಅಡುಗೆಮನೆಗೆ ಹೊರಟಿದ್ದೆ. ಬಾಗಿಲ ಹತ್ತಿರ ಬರುತ್ತಲೇ ನನ್ನ ಕುತ್ತಿಗೆ ಹಿಡಿದುಕೊಂಡು "ಪೀಂ" ಅಂದಳು. ನಾನು ಹಗಲೂ ರಾತ್ರಿ "ಅಮ್ಮ ಅನ್ನು, ಅಮ್ಮ ಅನ್ನು" ಅಂತ ಹೇಳಿಕೊಟ್ಟಿದ್ದೆಲ್ಲ ದಂಡ. ಮಗಳ ಮೊದಲ ಮಾತು ನಿಮ್ಮ ಪಾಲಾಯ್ತು.

ಸೈಡ್ ಕೊಟ್ಟಿದ್ದೀನಿ, ಮುಂದೆ ಹೋಗಿ.

ದೀಪಶ್ರೀ