ನನ್ನ ಮಗಳನ್ನು ಫ್ಲೆಕ್ಸಿನಿಂದ ಕೆಳಗಿಳಿಸಿ

ಕಾಲೇಜಿನ ಮಾನ್ಯ ವೃತ್ತಿ ಮಾರ್ಗದರ್ಶನ ಅಧಿಕಾರಿಗಳೇ,

ನನ್ನ ಮಗಳು ಪೂಜಾಳಿಗೆ ನೀವು ಕೆಎಎಸ್ ಅಧಿಕಾರಿಯ ಪಟ್ಟ ಕಟ್ಟಿದ್ದೀರಿ. ಪರೀಕ್ಷೆ ಬರೆಯುವ ತಾಪತ್ರಯವನ್ನೂ ಅವಳಿಗೆ ಉಳಿಸಿಲ್ಲ. ಕಾಲೇಜಿನ ಗೇಟಿಗೆ ಕಟ್ಟಿರುವ ‘ನಮ್ಮ ಭಾವಿ ಅಧಿಕಾರಿಗಳು’ ಎಂಬ ಫ್ಲೆಕ್ಸಿನಲ್ಲಿ ನಗುತ್ತಿದ್ದಾಳೆ. ಮನೆಯಲ್ಲಿ ಮಾತ್ರ ವಾರದಿಂದ ಮುಖ ಕೊಟ್ಟು ಮಾತಾಡಿಲ್ಲ.

ನಡೆದದ್ದಿಷ್ಟು. ಕೊನೆಯ ವರ್ಷದ ಬಿಎಸ್ಸಿ ಮಕ್ಕಳಿಗೆ ನೀವೊಂದು ನಮೂನೆ ಹಂಚಿದಿರಿ. ‘ಮುಂದೆ ಏನಾಗಬಯಸುತ್ತೀರಿ’ ಎಂಬಲ್ಲಿ ಅವಳು ‘ಮೋಟಾರ್ ರಿವೈಂಡಿಂಗ್ ಅಂಗಡಿ ಇಡುತ್ತೇನೆ’ ಎಂದು ಬರೆದಳು. ಸುಟ್ಟುಹೋದ ಪಂಪ್‌ಸೆಟ್ಟಿನ ಮೋಟಾರಿಗೆ ಹೊಸದಾಗಿ ತಾಮ್ರದ ತಂತಿ ಸುತ್ತುವ ಕೆಲಸ ಅದು. ಎರಡು ವರ್ಷದಿಂದ ರಜೆಯಲ್ಲೆಲ್ಲ ನಮ್ಮೂರಿನ ಕಾಂತರಾಜು ಅವರ ರಿವೈಂಡಿಂಗ್ ಅಂಗಡಿಯಲ್ಲಿ ಕಲಿಯುತ್ತಿದ್ದಾಳೆ. ಗುರುಪುರದ ಕಡೆಯ ರೈತರು ಮೋಟಾರು ತಂದಿಳಿಸಿ, ‘ಆ ಮಗೀನ ಕೈಲೇ ಸುತ್ಸಿ ಕಣ್ರೀ’ ಎನ್ನುವಷ್ಟು ಅವಳ ಕೈ ಪಳಗಿದೆ.

ನೀವು ಅದನ್ನು ಓದಿ, ‘ಇದು ಆಸಕ್ತಿ ಕಣಮ್ಮ, ವೃತ್ತಿ ಬರಿ. ಕಾಲೇಜಿನ ಮರ್ಯಾದೆ ಏನಾಗ್ಬೇಕು?’ ಎಂದು ಅಡ್ಡಗೆರೆ ಎಳೆದು, ಮೇಲೆ ‘ಕೆಎಎಸ್ ಅಧಿಕಾರಿ’ ಎಂದು ನೀವೇ ತಿದ್ದಿದಿರಿ. ಸ್ವಾಮಿ, ಯಾವ ಕೆಲಸಕ್ಕೆ ಎಷ್ಟು ಮರ್ಯಾದೆ ಎಂದು ತೂಗುವ ತಕ್ಕಡಿಯನ್ನು ನಿಮಗೆ ಯಾವ ಇಲಾಖೆ ಮಂಜೂರು ಮಾಡಿತು? ಬೆಳೆ ಬಾಡುವ ಹೊತ್ತಿಗೆ ಮೋಟಾರು ಸುಟ್ಟರೆ ರೈತ ನಿಮ್ಮ ಭಾವಿ ಅಧಿಕಾರಿಗಳ ಬಾಗಿಲು ತಟ್ಟುತ್ತಾನೆಯೇ? ಆ ಫ್ಲೆಕ್ಸಿನ ಹನ್ನೆರಡು ಮಕ್ಕಳಲ್ಲಿ ಅಧಿಕಾರದ ಆಸೆ ಎಷ್ಟು ಮಂದಿಗಿದೆ, ಅವರ ಅಪ್ಪಂದಿರಲ್ಲಿ ಎಷ್ಟು ಮಂದಿಗಿದೆ ಎಂದಾದರೂ ವಿಚಾರಿಸಿದ್ದೀರಾ?

ಫ್ಲೆಕ್ಸಿನ ಸುದ್ದಿ ತಿಳಿದ ಮರುದಿನವೇ ಕಾಂತರಾಜು ಅವಳ ಕೈಯಿಂದ ತಂತಿಯ ಸುರುಳಿ ಇಸಿದುಕೊಂಡರು. ‘ನಾಳೆ ಸಾಹೇಬ್ರಾಗೋಳು ನೀನು. ನಮ್ಮಂಗ್ಡೀಲಿ ಕೈ ಮಸಿ ಮಾಡ್ಕಂಡ್ರೆ ಜನ ನನ್ನ ಉಗೀತಾರೆ. ಬ್ಯಾಡ ಕಣವ್ವ, ಓದ್ಕೋ ಓಗು’ ಎಂದರು. ಸೋಮವಾರದಿಂದ ಅವಳ ಜಾಗಕ್ಕೆ ಬೇರೆಯವರು ಬರುತ್ತಾರಂತೆ. ಹುಣಸೂರಿನಲ್ಲಿ ಹೆಣ್ಣುಮಗಳಿಗೆ ಈ ಕೆಲಸ ಕಲಿಸಲು ಒಪ್ಪಿದ್ದವರು ಅವರೊಬ್ಬರೇ.

ಆದ್ದರಿಂದ ಫ್ಲೆಕ್ಸ್ ಕಿತ್ತರೆ ಸಾಲದು. ಭಾನುವಾರದೊಳಗೆ ನೀವು ಆ ಅಂಗಡಿಗೆ ಹೋಗಿ, ‘ಹುಡುಗಿ ಬರೆದದ್ದು ಬೇರೆ, ನಾನು ತಿದ್ದಿದ್ದು ಬೇರೆ’ ಎಂದು ಕಾಂತರಾಜು ಅವರಿಗೆ ನಿಮ್ಮ ಬಾಯಿಂದಲೇ ಹೇಳಬೇಕು. ನಾನೇ ಹೇಳಬಹುದಿತ್ತು, ನನ್ನ ಮಾತನ್ನು ಅವರು ನಂಬುವುದಿಲ್ಲ. ಫ್ಲೆಕ್ಸಿಗೆ ಅವಳ ಫೋಟೊ ಕೊಟ್ಟವನು ನಾನು. ಒಳ್ಳೆ ಕಡೆಯ ಸಂಬಂಧ ಬರಲಿ ಎಂದು ಫ್ಲೆಕ್ಸಿನ ಚಿತ್ರವನ್ನು ಊರಿಗೆಲ್ಲ ವಾಟ್ಸಾಪ್ ಮಾಡಿದವನೂ ನಾನೇ. ಕಾಂತರಾಜು ಅವರಿಗೂ ನಾನೇ ಕಳಿಸಿದ್ದೆ.

ಇಂತಿ,
ಮಗಳಿಗೆ ಇನ್ನೂ ಇದನ್ನು ಹೇಳಿಲ್ಲದ,
ನಂಜುಂಡೇಶ್
ಬಟ್ಟೆ ಅಂಗಡಿ, ಹುಣಸೂರು