ಪಿಟೀಲು ಜೇಡದ ತಲೆಗೆ ಕಟ್ಟಿದ್ದು

ಅಪ್ಪಾ,

ಮೂರು ವಾರದ ಹಿಂದೆ ನಿನ್ನ ಹಳೆಯ ಕೋಟು ತೊಟ್ಟಾಗ ಒಳಗಿದ್ದ ಪಿಟೀಲು ಜೇಡ, ಬೆನ್ನ ಮೇಲೆ ಪಿಟೀಲಿನ ಗುರುತಿರುವ ಆ ವಿಷದ ಜೇಡ, ನನ್ನ ತೋಳಿಗೆ ಕಚ್ಚಿತ್ತು. ಚರ್ಮ ಕಪ್ಪಾಗಿ ಕೊಳೆತು ಉದುರಿತು. ಇವತ್ತು ನರ್ಸ್ ವೆಲ್ಡಾ ಪಟ್ಟಿ ಬಿಚ್ಚಿದಾಗ ಗಾಯ ಮಾಯುತ್ತಾ ಬಂದಿತ್ತು.

"ಮತ್ತೆ ನಮ್ಮಪ್ಪನ ಕಾಲಿಗೆ ಕಚ್ಚಿದ್ದು ಎಂಟು ತಿಂಗಳಾದ್ರೂ ಯಾಕೆ ಮಾಯಲಿಲ್ಲ?" ಎಂದೆ.

"ಅದು ಜೇಡ ಅಲ್ಲ ಕಣಮ್ಮ. ನಮ್ಮ ಮಿಸೌರಿ ಜನ ಮೈಮೇಲೆ ಏನೆದ್ರೂ ಜೇಡದ ತಲೆಗೇ ಕಟ್ತೀವಿ. ನಿಮ್ಮಪ್ಪಂದು ಸಕ್ಕರೆ ಕಾಯಿಲೆ ಹುಣ್ಣು. ಮರಣ ಪ್ರಮಾಣಪತ್ರದಲ್ಲೇ ಬರೆದಿದೆ, ಓದಲಿಲ್ವಾ?"

ಓದಿರಲಿಲ್ಲ. "ಡಾಕ್ಟರು ಯಾಕೆ, ಹೊಗೆಸೊಪ್ಪು ನೆನೆಸಿ ಕಟ್ಟು" ಎಂದು ಹುಣ್ಣೆದ್ದಾಗ ಎಲ್ಲ ಬಲ್ಲವನ ಹಾಗೆ ನೀನು ಹೇಳಿದ್ದೆ. ನಾನೂ ಕಟ್ಟಿದೆ. ಇನ್ನೊಂದು ಜೇಡ ಕಚ್ಚಬಾರದೆಂದು ದಿನಾ ಬೆಳಿಗ್ಗೆ ನಿನ್ನ ಬೂಟು ಕೊಡವುತ್ತಿದ್ದೆ. ಕೊಡವಿ, ಕೈ ತೊಳೆದು, ನಿನ್ನ ಕಾಫಿಗೆ ನಾಲ್ಕು ಚಮಚ ಸಕ್ಕರೆ ಹಾಕುತ್ತಿದ್ದೆ.