ಕೆಂಪು ಚೀಲದ ಮೊಟ್ಟೆ

ಟಾಡ್‌ಮರ್ಡನ್, ಯಾರ್ಕ್‌ಶೈರ್
ಭಾನುವಾರ, ೯ ನವೆಂಬರ್ ೧೯೮೬

ಪ್ರೀತಿಯ ಮಗಳು ಬೆರಿಲ್‌ಗೆ,

ಹೇಗಿದ್ದೀಯೆ? ಅಬರ್ಡೀನಿನ ಚಳಿಗೆ ನಿನ್ನ ಕೆಮ್ಮು ಮತ್ತೆ ಕೆರಳಿತೋ ಏನೋ. ಊರವರ ಕೆಮ್ಮು ನೋಡುವ ನರ್ಸಮ್ಮನಿಗೆ ತನ್ನದನ್ನು ನೋಡಿಕೊಳ್ಳಲು ಪುರುಸೊತ್ತೆಲ್ಲಿ! ನಾನು ಚೆನ್ನಾಗಿದ್ದೇನೆ. ನಿನ್ನಪ್ಪನ ವಿಷಯ ಮಾತ್ರ ಹೇಗೆ ಬರೆಯಬೇಕೋ ತಿಳಿಯದೆ ಒಂದು ಕಾಗದ ಆಗಲೇ ಹರಿದು ಹಾಕಿದ್ದೇನೆ.

ಮಂಗಳವಾರ ಜಾದೂ ಕ್ಲಬ್ಬಿನ ವಾರ್ಷಿಕ ಸ್ಪರ್ಧೆಯಿತ್ತು. ಅದೊಂದು ಸಂಜೆ ಹೆಂಡಂದಿರಿಗೂ ಪ್ರವೇಶವಲ್ಲವೇ, ಪಬ್ಬಿನ ಮೇಲಿನ ಕೋಣೆಯಲ್ಲಿ ಹಿಂದಿನ ಸಾಲು ನಮಗೆ. ನಿನ್ನಪ್ಪ ಎಂದಿನಂತೆ ಕೆಂಪು ಚೀಲದ ಮೊಟ್ಟೆಯಾಟಕ್ಕೆ ನಿಂತರು. ಬಸ್ ಕಂಡಕ್ಟರ್ ಆಗಿದ್ದಾಗಿನಿಂದ ಮಾಡುತ್ತಿರುವ ಆಟ. ಚೀಲಕ್ಕೆ ಹಾಕಿದ ಮೊಟ್ಟೆ ಮಾಯ, ಆಮೇಲೆ ಅದು ಕಳೆದೇ ಹೋಯಿತೆಂದು ಜೇಬು ತಡಕುವ ನಟನೆ, ಕೊನೆಗೆ ಅದೇ ಚೀಲದಿಂದ ಮೊಟ್ಟೆ. ಗುಟ್ಟನ್ನು ಮದುವೆಯಾದಂದಿನಿಂದ ನನಗೆ ಬಿಟ್ಟುಕೊಟ್ಟವರಲ್ಲ. ಒಗೆಯೋಣವೆಂದು ಚೀಲ ಮುಟ್ಟಿದರೂ "ಏಯ್ ಎನಿಡ್, ಇಡು ಅಲ್ಲೇ! ಹೆಂಡ್ತಿಗೆ ಗೊತ್ತಾದ್ರೆ ಊರಿಗೇ ಡಂಗುರ ಹೊಡೆದಂಗೆ" ಅನ್ನುತ್ತಾರೆ.

ಅವತ್ತೂ ಜೇಬು ತಡಕಿದರು. ಮತ್ತೆ ತಡಕಿದರು. ಮೇಜಿನ ಕೆಳಗೆ ಬಗ್ಗಿ "ಇಲ್ಲೇ ಇಟ್ಟಿದ್ನಲ್ಲ" ಅಂದರು. ಕಾರ್ಯದರ್ಶಿ ವಿಲ್ಫ್ "ಲೋ ಕ್ಲಿಫ್, ಕೋಳೀನೇ ಕರ್ಕೊಂಡ್ ಬರ್ಬೇಕಿತ್ತು ಕಣೋ!" ಎಂದು ಕೂಗಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಮೊಟ್ಟೆ ಬರಲೇ ಇಲ್ಲ. ನಿನ್ನಪ್ಪ ಚೀಲ ಮಡಚಿಕೊಂಡು ಬಂದು ನನ್ನ ಪಕ್ಕ ಕೂತರು. ನಟನೆಯನ್ನು ಕೊನೆಯವರೆಗೂ ಬಿಡಲಿಲ್ಲವೆಂದು ಮೆಚ್ಚಿ ಮೊದಲ ಬಹುಮಾನದ ಬೆಳ್ಳಿಯ ಬಟ್ಟಲನ್ನು ಅವರಿಗೇ ಕೊಟ್ಟುಬಿಟ್ಟರು! ಬಸ್ಸಿನಲ್ಲಿ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು "ಅವ್ರೆಲ್ಲಾ ಯಾಕೆ ಚಪ್ಪಾಳೆ ಹೊಡೆದ್ರು?" ಎಂದು ನನ್ನನ್ನೇ ಕೇಳಿದರು.

ಮರುದಿನ ಪಕ್ಕದ ಮನೆಯ ಮಗುವಿನ ಕಿವಿಯಿಂದ ನಾಣ್ಯವನ್ನು ಎಷ್ಟು ಸರಾಗವಾಗಿ ತೆಗೆದರು ಅಂತೀಯೆ! ಅದೇ ಮಧ್ಯಾಹ್ನ ಅವರ ಟೋಪಿ ಒಲೆಯೊಳಗೆ ಸಿಕ್ಕಿತು. ಇದೇನೆಂದು ಕೇಳಿದರೆ ಕಣ್ಣು ಮಿಟುಕಿಸಿದರು. ಜಾದೂಗಾರನ ಹೆಂಡತಿಗೆ ಗಂಡ ಆಟವಾಡುತ್ತಿದ್ದಾರೋ, ನಿಜವಾಗಿ ಮರೆಯುತ್ತಿದ್ದಾರೋ ಹೇಗೆ ತಿಳಿಯಬೇಕು? ವಿಲ್ಫ್‌ನನ್ನು ಕೇಳಿದರೆ "ನಮ್ಮನ್ನೇ ಯಾಮಾರಿಸಿದೋನು, ನಿಮ್ಮನ್ನ ಬಿಡ್ತಾನಾ ಅಕ್ಕಾ?" ಎಂದು ನಗುತ್ತಾನೆ. ನನಗೆ ತಲೆ ಬುಡ ತಿಳಿಯುತ್ತಿಲ್ಲ. ಹೆದರಿಕೆಯಾಗುತ್ತದೆ. ನೀನು ಆಸ್ಪತ್ರೆಯಲ್ಲಿ ಇಂಥವರನ್ನು ನೋಡಿರುತ್ತೀಯೆ, ನೀನೇ ಹೇಳು.

ನಿನ್ನ ಜೊತೆಯ ನರ್ಸುಗಳಿಗೆಲ್ಲ ನನ್ನ ನೆನಪು ಹೇಳು. ದೇವರು ನಿನ್ನನ್ನು ಬೆಚ್ಚಗಿಟ್ಟಿರಲಿ.

ನಿನ್ನ
ಅಮ್ಮ

ತಾ.ಕ.: ಅಂಟಿಸಿದ ಲಕೋಟೆಯನ್ನು ಬಿಚ್ಚಿ ಬರೆಯುತ್ತಿದ್ದೇನೆ. ಈಗಷ್ಟೇ ನಿನ್ನಪ್ಪ ಚೀಲ ಹಿಡಿದು ಅಡುಗೆಮನೆಗೆ ಬಂದು, ನನ್ನನ್ನು ಕೂರಿಸಿ ಮೊಟ್ಟೆಯ ಗುಟ್ಟು ಹೇಳಿಕೊಟ್ಟರು. ಅದು ಚೀಲ ಬಿಟ್ಟು ಎಲ್ಲಿಗೂ ಹೋಗುವುದೇ ಇಲ್ಲವಂತೆ. ನನ್ನ ಕೈಯಲ್ಲೂ ಮಾಡಿಸಿದರು. ಕೊನೆಗೂ ಹೇಳಿದರಲ್ಲ ಎಂದು ಖುಷಿಗೆ ಕಣ್ಣೀರೇ ಬಂತು. ಆಮೇಲೆ ನನ್ನ ಕೈ ಕುಲುಕಿ "ಬೇಗ ಕಲಿತ್ರಿ ನೀವು. ಕ್ಲಬ್ಬಿಗೆ ಹೊಸಬರು, ಅದಕ್ಕೇ ಹೇಳ್ತಿದೀನಿ, ನಮ್ಮ ಎನಿಡ್ ಹತ್ರ ಮಾತ್ರ ಬಾಯಿ ಬಿಡ್ಬೇಡಿ" ಅಂದರು. ಇಲ್ಲ, ಹೇಳುವುದಿಲ್ಲ ಅಂದೆ. ಬೇಗ ಬಾ.